ಎಂಟು ಬಾಗಿಲುಗಳ ಕಾರಿಡಾರ್: ಕಡಿಮೆ ದುಡ್ಡಿನಲ್ಲಿ ಲಾಡ್ಜಿನ ಭಯದ ಸಿನಿಮಾ

ಕಾಸರಗೋಡಿನಲ್ಲಿ ಸಿನಿಮಾ ಮಾಡಲು ಹೊರಟವರ ಕಣ್ಣು ಮೊದಲು ಹೋಗುವುದು ಬೇಕಲ ಕೋಟೆಯ ಕಡೆಗೆ. 1995ರ ‘ಬಾಂಬೆ’ ಚಿತ್ರದ ಹಾಡಿನಲ್ಲಿ ಅದನ್ನು ಇಡೀ ದೇಶ ನೋಡಿದೆ. ಆದರೆ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅರ್ಜಿ, ಅನುಮತಿ, ಶುಲ್ಕ ಎಲ್ಲ ಉಂಟು, ಸಂಜೆಯಾದರೆ ಗೇಟು ಮುಚ್ಚುತ್ತದೆ. ಭಯದ ಸಿನಿಮಾಕ್ಕೆ ಬೇಕಾದದ್ದು ರಾತ್ರಿ, ಬಾಗಿಲು, ಮಂಚ. ಈ ಮೂರೂ ಒಟ್ಟಿಗೆ ಸಿಗುವ ಜಾಗ ನಮ್ಮ ಪೇಟೆಗಳಲ್ಲೇ ಉಂಟು. ರೈಲ್ವೆ ಸ್ಟೇಷನ್ ಹತ್ತಿರದ ಹಳೆಯ ಎರಡು ಮಾಳಿಗೆಯ ಲಾಡ್ಜ್.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹೋಟೆಲ್ ಎಂದರೆ ಚಹಾ, ದೋಸೆ ಸಿಗುವ ಜಾಗ. ಹಾಗಾಗಿ ನಾನು ಇವತ್ತು ಉದ್ದಕ್ಕೂ ಲಾಡ್ಜ್ ಎಂದೇ ಹೇಳುತ್ತೇನೆ. ಲಾಡ್ಜಿನ ಭಯ ಮನೆಯ ಭಯಕ್ಕಿಂತ ಬೇರೆ. ನೀವು ತಲೆಯಿಟ್ಟು ಮಲಗುವ ದಿಂಬಿನ ಮೇಲೆ ನಿನ್ನೆ ಯಾರು ಮಲಗಿದ್ದರೋ ಗೊತ್ತಿಲ್ಲ. ನಿಮ್ಮ ಕೋಣೆಯ ಇನ್ನೊಂದು ಕೀಲಿಕೈ ಕೆಳಗೆ ಯಾರದೋ ಕೈಯಲ್ಲಿ ಉಂಟು. ಇಷ್ಟು ಕತೆ ಆ ಕಟ್ಟಡವೇ ನಿಮಗೆ ಪುಕ್ಕಟೆಯಾಗಿ ಕೊಡುತ್ತದೆ. ಅದರ ಮೇಲೆ ದುಡ್ಡು ಸುರಿದು ಇನ್ನೊಂದು ಭಯ ಕಟ್ಟಬೇಕಾಗಿಲ್ಲ.

ಹಾಗಾದರೆ ದುಡ್ಡು, ಶ್ರಮ ಎಲ್ಲಿಗೆ ಹೋಗಬೇಕು? ನಾನು ಹೇಳುವುದು ಎರಡೇ ಕಡೆಗೆ. ಒಂದು, ನೋಡುವವರಿಗೆ ಆ ಕಟ್ಟಡ ಬಾಯಿಪಾಠ ಆಗುವ ಹಾಗೆ ಮಾಡುವುದಕ್ಕೆ. ಎರಡು, ಶಬ್ದಕ್ಕೆ. ಪ್ರೇತದ ಮುಖಕ್ಕೆ ಸುರಿದ ದುಡ್ಡು ಮೊದಲ ಸಲ ಕಂಡಾಗ ಒಂದು ಕೂಗು ತರಿಸುತ್ತದೆ, ಮೂರನೇ ಸಲ ಕಂಡಾಗ ನಗು ಬರಿಸುತ್ತದೆ. ಆದರೆ ಕಾರಿಡಾರಿನ ಎಡಗಡೆ ನಾಲ್ಕು, ಬಲಗಡೆ ನಾಲ್ಕು ಬಾಗಿಲು ಎಂದು ಪ್ರೇಕ್ಷಕರಿಗೆ ಗಟ್ಟಿಯಾಗಿ ಗೊತ್ತಿದ್ದು, ಒಂದು ರಾತ್ರಿ ಎಡಗಡೆ ಐದು ಕಂಡಿತೆನ್ನಿ. ಅದನ್ನು ಯಾರೂ ಬೆರಳು ಮಾಡಿ ತೋರಿಸುವುದು ಬೇಡ. ಗಮನಿಸಿದವರ ಬೆನ್ನಿನಲ್ಲಿ ತಾನಾಗಿ ಚಳಿ ಏಳುತ್ತದೆ.

ಹೀಗೆ ಕಟ್ಟಡವನ್ನೇ ನಂಬಿ ಭಯದ ಸಿನಿಮಾ ಮಾಡಿದವರು ಮೊದಲೇ ಉಂಟು. 1962ರ ‘ಕಾರ್ನಿವಲ್ ಆಫ್ ಸೋಲ್ಸ್’ ಮಾಡಿದ ಹರ್ಕ್ ಹಾರ್ವಿ ಕಾನ್ಸಾಸ್‌ನಲ್ಲಿ ಶೈಕ್ಷಣಿಕ, ಕೈಗಾರಿಕಾ ಚಿತ್ರಗಳನ್ನು ತೆಗೆಯುತ್ತಿದ್ದವರು. ಯೂಟಾದಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರ ಮಂಟಪ ಅವರ ಕಣ್ಣಿಗೆ ಬಿತ್ತು. ಕಟ್ಟಡ ಮೊದಲು, ಕತೆ ಆಮೇಲೆ. 2007ರ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಸುಮಾರು 15,000 ಡಾಲರಿನಲ್ಲಿ, ನಿರ್ದೇಶಕರ ಸ್ವಂತ ಮನೆಯಲ್ಲೇ ಮುಗಿಯಿತು. 2011ರ ‘ದಿ ಇನ್‌ಕೀಪರ್ಸ್’ ಅಮೆರಿಕದ ಕನೆಕ್ಟಿಕಟ್‌ನ ಒಂದು ನಿಜವಾದ ಹಳೆಯ ವಸತಿಗೃಹದಲ್ಲೇ ಚಿತ್ರೀಕರಣವಾದದ್ದು. ನಮ್ಮ ದೇಶದಲ್ಲಿ ಹಿಂದಿಯ ಭಯದ ಸಿನಿಮಾಗಳಿಗೆ ಹೆಸರಾದ ರಾಮ್ಸೆ ಸಹೋದರರು 1972ರಲ್ಲಿ ಮಹಾಬಲೇಶ್ವರಕ್ಕೆ ಸಣ್ಣ ತಂಡ ಕಟ್ಟಿಕೊಂಡು ಹೋಗಿ, ಅಲ್ಲೇ ಉಳಿದು, ಅಲ್ಲೇ ಚಿತ್ರ ತೆಗೆದರು. ಇವರೆಲ್ಲ ಕೈಗೆ ಸಿಕ್ಕ ಜಾಗದಲ್ಲೇ ಸಿನಿಮಾ ಮಾಡಿಕೊಂಡವರು. ನೀವೂ ಲಾಡ್ಜ್ ನೋಡುವ ಮೊದಲು ಚಿತ್ರಕತೆ ಮುಗಿಸಬೇಡಿ.

ಲಾಡ್ಜ್ ನೋಡಲು ಹೋಗುವಾಗ ಕೈಯಲ್ಲಿ ಅಳತೆ ಟೇಪ್ ಇರಲಿ. ಕಾರಿಡಾರ್ ಐದು ಅಡಿಗಿಂತ ಕಿರಿದಾದರೆ ಕ್ಯಾಮೆರಾ ಹಿಡಿದವರು, ಬೂಮ್ (ಉದ್ದ ಕೋಲಿನ ಮೈಕ್) ಹಿಡಿದವರು, ನಟಿ ಮೂವರೂ ಒಟ್ಟಿಗೆ ನಡೆಯಲಾಗುವುದಿಲ್ಲ. ಏಳು ಅಡಿಗಿಂತ ಅಗಲವಾದರೆ ಉಸಿರುಗಟ್ಟುವ ಭಾವ ಹೋಗುತ್ತದೆ. ನೆಲ ನೋಡಿ. ಹಳೆಯ ಕಟ್ಟಡಗಳ ಕೆಂಪು ಕಾವಿ ನೆಲ ಸಿಕ್ಕಿದರೆ ಬಿಡಬೇಡಿ. ದಿನಾ ಒರೆಸಿ ಹೊಳಪು ಬಂದ ಆ ನೆಲದಲ್ಲಿ ದೂರದ ಒಂದು ಬಲ್ಬು ಉದ್ದಕ್ಕೆ ಪ್ರತಿಫಲಿಸುತ್ತದೆ, ಎರಡು ಲೈಟಿನ ಕೆಲಸ ನೆಲವೇ ಮಾಡುತ್ತದೆ. ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ್ದರೆ ಬೇರೆ ಲಾಡ್ಜ್ ನೋಡಿ. ಗೋಡೆಯೂ ಬಿಳಿ, ನೆಲವೂ ಬಿಳಿ ಇದ್ದಲ್ಲಿ ಕತ್ತಲೆ ಮಾಡುವುದೇ ದೊಡ್ಡ ಖರ್ಚು.

ಒಂದೇ ಕಾರಿಡಾರಿನಿಂದ ಮೂರು ಮಾಳಿಗೆ ಮಾಡಬಹುದು. ಎಂಟು ಕೋಣೆ ಇದ್ದರೆ 101ರಿಂದ 108, 201ರಿಂದ 208, 301ರಿಂದ 308. ಒಟ್ಟು ಇಪ್ಪತ್ತನಾಲ್ಕು ಫಲಕ ಬರೆಸಿ ಇಟ್ಟುಕೊಳ್ಳಿ. ಲಾಡ್ಜಿನ ಹಳೆಯ ಫಲಕ ಕೀಳುವುದು ಬೇಡ. ನಿಮ್ಮದನ್ನು ಅದಕ್ಕಿಂತ ಅರ್ಧ ಇಂಚು ದೊಡ್ಡದಾಗಿ ಮಾಡಿಸಿ, ಡಬಲ್ ಸೈಡ್ ಟೇಪಿನಲ್ಲಿ ಮೇಲೆಯೇ ಅಂಟಿಸಿ. ಪ್ರತಿ ಮಾಳಿಗೆಗೂ ಒಂದೊಂದು ಗುರುತು ಇರಲಿ. ಮೊದಲನೆಯದರಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಎರಡನೆಯದರಲ್ಲಿ ಮರದ ಸ್ಟೂಲಿನ ಮೇಲೆ ನೀರಿನ ಕೂಜೆ, ಮೂರನೆಯದರಲ್ಲಿ ಏನೂ ಇಲ್ಲ. ಬಲ್ಬಿನ ಬಣ್ಣವೂ ಬದಲಾಗಲಿ. ಇಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಕಾರಿಡಾರಿನ ತುದಿಯ ಕಿಟಕಿಯಲ್ಲಿ. ನಮ್ಮ ಊರಿನಲ್ಲಿ ಕಿಟಕಿ ಎಂದರೆ ಹೊರಗೆ ತೆಂಗಿನಮರ. ಮೊದಲ ಮಾಳಿಗೆಯಿಂದ ಮರದ ಕಾಂಡ ಕಾಣಬೇಕು, ಮೂರನೆಯದರಿಂದ ಗರಿ, ಗೊನೆ ಕಾಣಬೇಕು. ಎರಡರಲ್ಲೂ ಕಾಂಡವೇ ಕಂಡರೆ, ತೆಂಗಿನಮರದ ನಡುವೆ ಹುಟ್ಟಿ ಬೆಳೆದ ಪ್ರೇಕ್ಷಕರು ಅರೆಕ್ಷಣದಲ್ಲಿ ಹಿಡಿಯುತ್ತಾರೆ. ಮೇಲಿನ ಮಾಳಿಗೆಗೆ ಕಿಟಕಿ ಮುಚ್ಚಿ ಪರದೆ ಹಾಕಿ.

ಸಿನಿಮಾದ ಮೊದಲ ಹದಿನೈದು ನಿಮಿಷದಲ್ಲಿ ರೂಂ ಬಾಯ್ ಬ್ಯಾಗ್ ಹಿಡಿದುಕೊಂಡು ರಿಸೆಪ್ಷನ್‌ನಿಂದ ಕೋಣೆಯವರೆಗೆ ನಡೆಯುವುದನ್ನು ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೋರಿಸಿ. ಅಗಲ ನೋಟದ 24 ಎಂ.ಎಂ. ಲೆನ್ಸ್, ಎದೆಮಟ್ಟದ ಎತ್ತರ. ಅದೇ ದಾರಿ ಇನ್ನೂ ಎರಡು ಸಲ ಬರಲಿ, ಅದೇ ಎತ್ತರ, ಅದೇ ವೇಗ. ನಾಲ್ಕನೇ ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಒಂದನ್ನು ಮಾತ್ರ ಎನ್ನುವುದನ್ನು ನೆನಪಿಡಿ. ಬಾಗಿಲು, ಬಲ್ಬು, ಪರದೆ ಮೂರನ್ನೂ ಬದಲಾಯಿಸಿದರೆ ಅದು ಬೇರೆ ಜಾಗ ಎಂದೇ ಜನ ತಿಳಿಯುತ್ತಾರೆ.

ಲಾಡ್ಜಿನ ಮಾಲಕರ ಹತ್ತಿರ ಮಾತಾಡುವಾಗ ಅವರ ಹೆದರಿಕೆ ಏನೆಂದು ಮೊದಲು ಅರ್ಥ ಮಾಡಿಕೊಳ್ಳಿ. ಸಿನಿಮಾ ಬಂದ ಮೇಲೆ ಅಲ್ಲಿ ಪ್ರೇತ ಉಂಟಂತೆ ಎಂದು ಜನ ಕೋಣೆ ಹಿಡಿಯದಿದ್ದರೆ? ಅದು ಅವರ ಹೊಟ್ಟೆಪಾಡು. 1980ರ ‘ದಿ ಶೈನಿಂಗ್’ನ ಹೊರಾಂಗಣಕ್ಕೆ ಒರೆಗಾನ್‌ನ ಟಿಂಬರ್‌ಲೈನ್ ಲಾಡ್ಜನ್ನು ತೋರಿಸಿದಾಗಲೂ ಇದೇ ಪ್ರಶ್ನೆ ಬಂದಿತ್ತು. ಮೂಲ ಕಾದಂಬರಿಯಲ್ಲಿ ಪ್ರೇತವಿದ್ದ 217ನೇ ಕೋಣೆಯನ್ನು ಸಿನಿಮಾದಲ್ಲಿ 237 ಮಾಡಿದ್ದು ಆ ಲಾಡ್ಜಿನವರ ಕೋರಿಕೆಯಿಂದ. ಅವರಲ್ಲಿ 217 ಇತ್ತು, 237 ಇರಲಿಲ್ಲ. ನೀವೂ ಹಾಗೆಯೇ ಮಾಡಿ. ಅವರ ಹೆಸರಿನ ಬೋರ್ಡು, ಬೆಡ್‌ಶೀಟಿನ ಮೇಲಿನ ಮುದ್ರೆ, ಕೀಲಿಕೈಯ ಬಿಲ್ಲೆ, ಬಿಲ್ ಪುಸ್ತಕ ಒಂದೂ ಕಾಣುವುದಿಲ್ಲ ಎಂದು ಬರೆದುಕೊಡಿ. ಪ್ರೇತದ ಕೋಣೆಗೆ ಅವರಲ್ಲಿ ಇಲ್ಲದ ನಂಬ್ರ ಹಾಕಿ. ಕರಾರಿನಲ್ಲಿ ಎಷ್ಟು ಕೋಣೆ, ಎಷ್ಟು ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಒಡೆದದ್ದಕ್ಕೆ ಯಾರು ಹೊಣೆ ಎಲ್ಲ ಇರಲಿ. ಕರೆಂಟ್ ಮೀಟರಿನ ಫೋಟೋವನ್ನು ಮೊದಲ ದಿನವೇ ಇಬ್ಬರೂ ನಿಂತು ತೆಗೆದುಕೊಳ್ಳಿ. ಜಗಳ ಹುಟ್ಟುವುದು ಬಾಡಿಗೆಗಿಂತ ಹೆಚ್ಚು ಕರೆಂಟ್ ಬಿಲ್ಲಿನಲ್ಲಿ.

ಮದುವೆಯ ಸೀಸನ್ನಿನಲ್ಲಿ ಒಂದು ಮಾಳಿಗೆ ಪೂರ್ತಿ ಸಿಗುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲಿ, ಚೌಕಾಸಿಗೆ ಜಾಗ ಉಂಟು. ಮಳೆ ಭಯಕ್ಕೂ ಒಳ್ಳೆಯದು, ಆದರೆ ಕ್ಯಾಮೆರಾಕ್ಕೆ ಕೆಟ್ಟದ್ದು. ಎ.ಸಿ. ಕೋಣೆಯಿಂದ ತೇವದ ಕಾರಿಡಾರಿಗೆ ಲೆನ್ಸ್ ತಂದರೆ ಕೂಡಲೇ ಮಂಜು ಹಿಡಿಯುತ್ತದೆ. ಒರೆಸಿದರೆ ಮತ್ತೆ ಹಿಡಿಯುತ್ತದೆ. ಬ್ಯಾಗಿನ ಜಿಪ್ ತೆರೆಯದೆ ಅರ್ಧ ಗಂಟೆ ಹೊರಗಿಟ್ಟು, ಬಿಸಿ ಸಮವಾದ ಮೇಲೆ ತೆಗೆಯಬೇಕು. ರಾತ್ರಿ ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಇಲ್ಲಿಯ ಆಟಿಯ, ಅಂದರೆ ತುಳುವರ ಮಳೆ ತಿಂಗಳಿನ, ತೇವದಲ್ಲಿ ಲೆನ್ಸಿಗೆ ಬೂಷ್ಟು ಬರಲು ಹೆಚ್ಚು ದಿನ ಬೇಡ.

ಈಗ ಬೆಳಕು. ನಮ್ಮ ಕರೆಂಟ್ 230 ವೋಲ್ಟ್, 50 ಹರ್ಟ್ಜ್. ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಅಥವಾ ಕ್ಯಾಮೆರಾದಲ್ಲಿ ಸೆಕೆಂಡಿಗೆ 30 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/60 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ. 25 ಫ್ರೇಮ್, ಶಟರ್ 1/50 ಇಡಿ. 24 ಫ್ರೇಮೇ ಬೇಕೆಂದರೂ ಶಟರ್ 1/50 ಇರಲಿ. ಶಟರ್ ಆಂಗಲ್‌ನಲ್ಲಿ ಹೇಳುವುದಾದರೆ 172.8 ಡಿಗ್ರಿ. ಅಗ್ಗದ ಎಲ್.ಇ.ಡಿ. ಬಲ್ಬುಗಳನ್ನು ಡಿಮ್ಮರಿಗೆ ಹಾಕಿದರೆ ಯಾವ ಶಟರಿನಲ್ಲೂ ಮಿನುಗು ಹೋಗದು. ಕೋಣೆಯಲ್ಲಿ ಕಾಣುವ ಬಲ್ಬಿಗೆ ಹಳೆಯ ತಂತಿಯ 40 ಅಥವಾ 60 ವಾಟ್ ಬಲ್ಬ್ ಹುಡುಕಿ ಹಾಕಿ. ಡಿಮ್ ಮಾಡಿದಷ್ಟೂ ಅದು ಕೆಂಪಾಗುತ್ತ ಹೋಗುತ್ತದೆ, ಆ ಬಣ್ಣ ಇನ್ನಾವುದರಲ್ಲೂ ಸಿಗುವುದಿಲ್ಲ.

ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ. ಲಾಡ್ಜಿನ ಟ್ಯೂಬ್‌ಲೈಟ್ ಸುಮಾರು 6500 ಕೆಲ್ವಿನ್, ತಂತಿಯ ಬಲ್ಬು 2700ರ ಹತ್ತಿರ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬಣ್ಣದ ಹೊಂದಾಣಿಕೆಯನ್ನು) 4300ಕ್ಕೆ ಇಟ್ಟುಬಿಟ್ಟರೆ ಕಾರಿಡಾರ್ ತಣ್ಣಗೆ ನೀಲಿ, ಕೋಣೆಯ ಒಳಗೆ ಬೆಚ್ಚಗೆ ಕಿತ್ತಳೆ. ಬಾಗಿಲು ತೆರೆದರೆ ಎರಡು ಲೋಕ ಸೇರುತ್ತವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕತ್ತಲೆಯ ಸಿನಿಮಾ ಎಂದು ಕತ್ತಲೆಯಲ್ಲೇ ಶೂಟ್ ಮಾಡುವುದು ಹೊಸಬರ ದೊಡ್ಡ ತಪ್ಪು. ಬೆಳಕು ಸಾಲದ ಚಿತ್ರದಲ್ಲಿ ಕಪ್ಪು ಜಾಗವೆಲ್ಲ ಎಳ್ಳು ಚೆಲ್ಲಿದ ಹಾಗೆ ಕುದಿಯುತ್ತದೆ. ಒಂದು ಸ್ಟಾಪ್ ಹೆಚ್ಚು ಬೆಳಕಿನಲ್ಲಿ, ಅಂದರೆ ಎರಡರಷ್ಟು ಬೆಳಕಿನಲ್ಲಿ, ತೆಗೆದು, ಎಡಿಟಿಂಗ್ ಹೊತ್ತಿಗೆ ಇಳಿಸಿ. ಗೋಡೆ ಬೆಳ್ಳಗಿದ್ದರೆ ಮುಖದ ಕತ್ತಲೆಯ ಬದಿಗೆ ಕಪ್ಪು ಬಟ್ಟೆ ಕಟ್ಟಿ, ಮುಖದಿಂದ ಎರಡಡಿ ದೂರದಲ್ಲಿ. ಗೋಡೆಯಿಂದ ತಿರುಗಿ ಬರುವ ಬೆಳಕನ್ನು ಅದು ನುಂಗುತ್ತದೆ, ಮುಖದ ಅರ್ಧ ಕಪ್ಪಾಗುತ್ತದೆ. ಮುಗಿಸಿದ ಚಿತ್ರವನ್ನು ಕತ್ತಲೆ ಕೋಣೆಯ ಮಾನಿಟರಿನಲ್ಲಿ ಮಾತ್ರ ನೋಡಿ ಒಪ್ಪಬೇಡಿ. ಹಗಲು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿ. ಅಲ್ಲಿ ಬಾಗಿಲ ಹತ್ತಿರ ನಿಂತವರು ಕಾಣದಿದ್ದರೆ, ನಿಮ್ಮ ಪ್ರೇಕ್ಷಕರಲ್ಲಿ ಬಹುಪಾಲಿಗೂ ಕಾಣುವುದಿಲ್ಲ.

ಕರೆಂಟಿನ ಲೆಕ್ಕ ತಪ್ಪಬಾರದು. ಕೋಣೆಯ ಸಣ್ಣ ಸಾಕೆಟ್ 6 ಆಂಪಿಯರ್, ಅಂದರೆ ಹೆಚ್ಚೆಂದರೆ 1380 ವಾಟ್. ಸಾವಿರ ವಾಟಿನ ಒಂದು ಲೈಟ್ ಹಾಕಿದ ಮೇಲೆ ಅದೇ ಲೈನಿನಲ್ಲಿ ಯಾರಾದರೂ ಚಹಾದ ಕೆಟಲ್ ಚುಚ್ಚಿದರೆ ಎಂ.ಸಿ.ಬಿ. (ಭಾರ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ, ಇಡೀ ಮಾಳಿಗೆ ಕತ್ತಲೆ. ಭಾರದ ಲೈಟುಗಳಿಗೆ ಗೀಸರಿನ 16 ಆಂಪಿಯರ್ ಪಾಯಿಂಟ್ ಬಳಸಿ, ಗೀಸರಿನ ಸ್ವಿಚ್ಚಿಗೆ ಟೇಪ್ ಸುತ್ತಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವಯರನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿದ ಹಾಗೇ ಇಟ್ಟರೆ ಒಳಗೆ ಬಿಸಿ ಕೂಡಿ ಪ್ಲಾಸ್ಟಿಕ್ ಕರಗುತ್ತದೆ.

ಹೊಗೆಗೆ ನಮ್ಮಲ್ಲಿ ತೆಂಗಿನ ಸಿಪ್ಪೆ ಬೇಕಾದಷ್ಟು ಉಂಟಲ್ಲ ಎಂದು ಹೊಳೆಯುವುದು ಸಹಜ. ಮುಚ್ಚಿದ ಕೋಣೆಯಲ್ಲಿ ಅದನ್ನು ಮಾಡಲೇಬೇಡಿ. ಕಣ್ಣು ಉರಿಯುತ್ತದೆ, ಹಾಸಿಗೆಗೆ ವಾಸನೆ ಹಿಡಿಯುತ್ತದೆ, ಕಿಡಿ ಹಾರಿದರೆ ಹತ್ತಿಯ ಹಾಸಿಗೆ ಒಳಗೊಳಗೇ ಉರಿಯುತ್ತ ಹೋಗುತ್ತದೆ. ಬಾಡಿಗೆಗೆ ಸಿಗುವ ನೀರಿನ ಮಿಶ್ರಣದ ಫಾಗ್ ಮಷೀನ್ ತನ್ನಿ. ಒಂದು ಸಲ ಬಿಟ್ಟು, ರಟ್ಟಿನಿಂದ ಬೀಸಿ ಹರಡಿಸಿ, ಫ್ಯಾನ್ ನಿಲ್ಲಿಸಿ, ಎರಡು ನಿಮಿಷ ಕಾಯಿರಿ. ಹೊಗೆ ಮೋಡದ ಹಾಗೆ ಕಂಡರೆ ಬೇಗ ಶೂಟ್ ಮಾಡಿದಿರಿ ಎಂದೇ ಅರ್ಥ.

ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ಅರ್ಧ ಲೀಟರ್, ಬಿಸಿನೀರು 100 ಮಿಲಿ, ತಿನ್ನುವ ಕೆಂಪು ಬಣ್ಣ ಒಂದು ಚಮಚ, ಗಟ್ಟಿ ಕಾಫಿ ಡಿಕಾಕ್ಷನ್ ಒಂದು ಚಮಚ, ಹಸಿರು ಬಣ್ಣ ಎರಡು ಹನಿ. ಕಾಫಿ, ಹಸಿರು ಇಲ್ಲದಿದ್ದರೆ ಅದು ಶರಬತ್ತಿನ ಹಾಗೆ ಕಾಣುತ್ತದೆ. ಸಿಹಿಯಾದ್ದರಿಂದ ಹತ್ತು ನಿಮಿಷದಲ್ಲಿ ಇರುವೆ ಸಾಲು ಹಿಡಿಯುತ್ತದೆ. ಚೆಲ್ಲಿದ ಜಾಗದ ಸುತ್ತ ಒದ್ದೆ ಬಟ್ಟೆ ಇಟ್ಟು, ಶಾಟ್ ಮುಗಿದ ಕೂಡಲೇ ಬಿಸಿನೀರಿನಲ್ಲಿ ಒರೆಸಿ. ಲಾಡ್ಜಿನ ಬೆಡ್‌ಶೀಟ್ ಬಳಸಬೇಡಿ, ಆ ಕಲೆ ಹೋಗುವುದಿಲ್ಲ. ಅರಸಿನ, ಸುಣ್ಣ ಸೇರಿಸಿದರೆ ಕೆಂಪು ಬರುವುದು ಇಲ್ಲಿ ಎಲ್ಲರಿಗೂ ಗೊತ್ತು. ನೆಲಕ್ಕೆ, ಬಕೆಟಿಗೆ ಅದು ಸಾಕು. ಮುಖಕ್ಕೆ, ಕಣ್ಣಿನ ಹತ್ತಿರ ಬೇಡವೇ ಬೇಡ, ಸುಣ್ಣ ಸುಡುತ್ತದೆ.

ಬಾಗಿಲು ತಾನಾಗಿ ತೆರೆಯಬೇಕಾದರೆ ಮೀನು ಹಿಡಿಯುವ ಗಾಳದ ನೈಲಾನ್ ದಾರ ಸಾಕು. ಲೈಟಿಗೆ ಮಿಂಚದ ಹಾಗೆ ಕಪ್ಪು ಮಾರ್ಕರ್ ಎಳೆಯಿರಿ. ಬಿಜಾಗರಿಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ, ಬಾಗಿಲು ಮೌನವಾಗಿ ತೆರೆಯಲಿ. ಕಿರ್ರೆನ್ನುವ ಶಬ್ದವನ್ನು ಬೇರೆ ಬಾಗಿಲಿನಿಂದ ರೆಕಾರ್ಡ್ ಮಾಡಿ ಆಮೇಲೆ ಸೇರಿಸಬಹುದು. ಬೇಡವೆನಿಸಿದರೆ ಸೇರಿಸದೆ ಬಿಡಬಹುದು. ಶಬ್ದವಿಲ್ಲದೆ ತೆರೆಯುವ ಬಾಗಿಲಿನ ಭಯವೇ ಬೇರೆ.

ಶಬ್ದಕ್ಕೆ ಬಂದೆವು. ನನ್ನ ಪ್ರಕಾರ ಅರ್ಧ ಸಿನಿಮಾ ಇದೇ. ಮೈಕ್ ಬಾಯಿಯಿಂದ ಎರಡಡಿಯೊಳಗೆ ಇರಬೇಕು, ಕ್ಯಾಮೆರಾದ ತಲೆಯ ಮೇಲಲ್ಲ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್, ಮೀಟರಿನಲ್ಲಿ ಮಾತಿನ ಏರು ಮೈನಸ್ 12 ಡೆಸಿಬೆಲ್‌ನ ಆಸುಪಾಸು. ಖಾಲಿ ಕೋಣೆ ಗುಂಯ್‌ಗುಡುತ್ತದೆ. ಪಕ್ಕದ ಕೋಣೆಗಳ ಹಾಸಿಗೆಗಳನ್ನು ತಂದು ಫ್ರೇಮಿನ ಹೊರಗೆ ಗೋಡೆಗೆ ಒರಗಿಸಿ, ಪ್ರತಿಧ್ವನಿ ಸಾಯುತ್ತದೆ. ಫ್ಯಾನ್, ಫ್ರಿಜ್ ಬಂದ್ ಮಾಡಿ. ಫ್ರಿಜ್ಜಿನ ಒಳಗೆ ನಿಮ್ಮ ಗಾಡಿಯ ಕೀಲಿಕೈ ಇಟ್ಟರೆ ಹೋಗುವಾಗ ಮತ್ತೆ ಆನ್ ಮಾಡಲು ಮರೆಯುವುದಿಲ್ಲ. ರೈಲಿನ ಸಮಯ, ಬಾಂಗಿನ ಸಮಯ, ದೇವಸ್ಥಾನದ ಮೈಕಿನ ಸಮಯ ಬರೆದು ಗೋಡೆಗೆ ಅಂಟಿಸಿ, ಮಾತಿನ ಶಾಟ್‌ಗಳನ್ನು ಅವುಗಳ ನಡುವೆ ಇಟ್ಟುಕೊಳ್ಳಿ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಬರೀ ಕೋಣೆಯ ಮೌನ ರೆಕಾರ್ಡ್ ಮಾಡಿ. ಮಳೆಗಾಲದಲ್ಲಿ ಎರಡು ನಿಮಿಷ. ಒಂದು ಶಾಟ್‌ನಲ್ಲಿ ಕಪ್ಪೆ ಕೂಗಿ, ಮುಂದಿನದರಲ್ಲಿ ನಿಂತು, ಮತ್ತೆ ಕೂಗಿದರೆ ಕತ್ತರಿ ಆಡಿಸಿದ್ದು ಕಿವಿಗೆ ಗೊತ್ತಾಗುತ್ತದೆ. ಈ ಮೌನವೇ ಆ ಬಿರುಕು ಮುಚ್ಚುವ ಮಣ್ಣು.

ಬೆಚ್ಚಿಬೀಳಿಸುವ ಜಾಗದಲ್ಲಿ ಜೋರು ಶಬ್ದ ಹಾಕುವುದನ್ನು ಎಲ್ಲರೂ ಮಾಡುತ್ತಾರೆ. ಅದಕ್ಕೆ ಅರ್ಧ ಸೆಕೆಂಡ್ ಮೊದಲು ಮಳೆ, ಕಪ್ಪೆ, ಟ್ಯೂಬಿನ ಚೋಕ್ ಗುಂಯ್ ಎಲ್ಲವನ್ನೂ ಕತ್ತರಿಸಿ ನೋಡಿ. ಹೊಡೆತ ಆ ಖಾಲಿಯಲ್ಲಿ ಉಂಟು. ಆಳದ ಗುಡುಗಿನಂಥ ಶಬ್ದ ಮೊಬೈಲಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಆದ್ದರಿಂದ ಅದರ ಜೊತೆಗೆ ಮರ ಉಜ್ಜಿದ ಹಾಗೆ, ತಗಡು ಗೀರಿದ ಹಾಗೆ ಒಂದು ಮೇಲುಸ್ವರ ಸೇರಿಸಿ.

ಇಲ್ಲಿ ಒಂದು ಬೇರೆ ಮಾತಿಗೆ ಹೋಗುತ್ತೇನೆ, ಯಾಕೆಂದರೆ ಇದು ನಮ್ಮ ನೆಲದ್ದೇ ಪ್ರಶ್ನೆ. ನಮ್ಮಲ್ಲಿ ಭೂತ ಎಂದರೆ ನಂಬಿದ ದೈವ. ಮನೆಯಲ್ಲಿ ಅದಕ್ಕೆ ಸ್ಥಾನ ಉಂಟು, ಬಣ್ಣ ಹಚ್ಚಿ ವೇಷ ಕಟ್ಟಿ ಕುಣಿಯುವ ಕೋಲ ಉಂಟು. ಜಿಲ್ಲೆಯ ತೆಂಕಣ ಭಾಗದಲ್ಲಿ ಅದೇ ಬಗೆಯ ತೆಯ್ಯಂ ಉಂಟು. ಬೇರೆ ಕಡೆಯ ಸಿನಿಮಾ ನೋಡಿ ಆ ಮುಖವರ್ಣಿಕೆಯನ್ನು ಲಾಡ್ಜಿನ ಪ್ರೇತಕ್ಕೆ ಹಚ್ಚುವುದು ಆ ಜನರ ನಂಬಿಕೆಗೆ ಮಾಡುವ ಅವಮಾನ, ಕತೆಯ ದೃಷ್ಟಿಯಿಂದಲೂ ತಪ್ಪು. ನಿಮಗೆ ಬೇಕಾದದ್ದು ತುಳುವಿನಲ್ಲಿ ಕುಲೆ ಎನ್ನುತ್ತೇವಲ್ಲ, ಅದು. ಸತ್ತವರು ಕುಲೆಯಾಗಿ ಮನೆಯ ಸುತ್ತಲೇ ಇರುತ್ತಾರೆ, ಆಟಿಯಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ, ಮದುವೆಯಾಗದೆ ಹೋದವರಿಗೆ ಮದುವೆಯನ್ನೂ ಮಾಡುತ್ತೇವೆ. ಹಾಗಾದರೆ ಮನೆ ಬಿಟ್ಟು ಬಂದು ಲಾಡ್ಜಿನ ಕೋಣೆಯಲ್ಲಿ ಸತ್ತವರಿಗೆ ಎಲೆ ಹಾಕುವವರು ಯಾರು? ಲಾಡ್ಜಿನ ಅಡುಗೆಯವರು ಪ್ರತಿ ರಾತ್ರಿ ಯಾರಿಗೂ ಹೇಳದೆ ಒಂದು ಎಲೆ ಹೆಚ್ಚು ಹಾಕುತ್ತಾರೆ ಎನ್ನಿ. ಆ ಒಂದು ಎಲೆಯ ಸುತ್ತ ಇಡೀ ಸಿನಿಮಾ ನಿಲ್ಲುತ್ತದೆ, ಖರ್ಚು ಒಂದು ಬಾಳೆಲೆ.

ಇನ್ನೊಂದು, ಪ್ರೇತ ಯಾವ ಭಾಷೆಯಲ್ಲಿ ಮಾತಾಡುತ್ತದೆ? ಸಪ್ತ ಭಾಷೆಗಳ ಊರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮ್ಯಾನೇಜರ್ ಫೋನಿನಲ್ಲಿ ಮಲಯಾಳ, ಅಡುಗೆಯವರ ಹತ್ತಿರ ತುಳು, ಬದಿಯಡ್ಕದಿಂದ ಬಂದ ಕುಟುಂಬದ ಹತ್ತಿರ ಕನ್ನಡ ಮಾತಾಡುವುದು ಇಲ್ಲಿ ದಿನನಿತ್ಯದ ಸಂಗತಿ. ಬಾಗಿಲ ಆಚೆಯಿಂದ ಬರುವ ದನಿ ಪ್ರತಿಯೊಬ್ಬರನ್ನೂ ಅವರವರ ಮನೆಮಾತಿನಲ್ಲೇ ಕರೆದರೆ ಏನಾಗುತ್ತದೆ ಯೋಚಿಸಿ. ಲಾಡ್ಜಿನ ರಿಜಿಸ್ಟರಿನಲ್ಲಿ ಬರೆಯದ ಮನೆಮಾತು ಅದಕ್ಕೆ ಹೇಗೆ ಗೊತ್ತಾಯಿತು? ಇಂಥ ದೃಶ್ಯವನ್ನು ಡಬ್ ಮಾಡುವಾಗ ಎಲ್ಲವನ್ನೂ ಒಂದೇ ಭಾಷೆ ಮಾಡಿಬಿಡಬೇಡಿ, ಜೀವ ಹೋಗುತ್ತದೆ.

ಮುಖ ಯಾವಾಗ ತೋರಿಸಬೇಕು ಎಂಬುದಕ್ಕೆ ಗುರು ನಮ್ಮಲ್ಲೇ ಉಂಟು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆಯ ನೆಲ ಇದು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಹೇಗೆ ರಂಗಕ್ಕೆ ಬರುತ್ತದೆ? ಮೊದಲು ಆರ್ಭಟ ಕೇಳುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ವೇಷ ತೆರೆಯ ಹಿಂದೆಯೇ ಕುಣಿಯುತ್ತಿದ್ದು, ಕಾದು ಕಾದು ಸುಸ್ತಾದ ಮಕ್ಕಳು ಅಮ್ಮನ ಸೆರಗು ಹಿಡಿದ ಮೇಲೆ ಪೂರ್ತಿ ಮುಖ. ನಿಮ್ಮ ಸಿನಿಮಾದಲ್ಲೂ ಬಾಗಿಲ ಕೆಳಗಿನ ಸಂದಿನಲ್ಲಿ ನೆರಳು, ಆಮೇಲೆ ಚಿಲಕದ ಮೇಲೆ ಬೆರಳು, ಆಮೇಲೆ ಕನ್ನಡಿಯ ಅಂಚಿನಲ್ಲಿ ಹೆಗಲು. ಕನ್ನಡಿ ಇರುವ ಶಾಟ್‌ನಲ್ಲಿ ತಂಡದವರೇ ಕಾಣುವುದು ಸಾಮಾನ್ಯ. ಕನ್ನಡಿಯ ಹಿಂದೆ ಮೇಲ್ಭಾಗಕ್ಕೆ ಮಡಚಿದ ರಟ್ಟು ಸಿಕ್ಕಿಸಿ ನಾಲ್ಕೈದು ಡಿಗ್ರಿ ಬಾಗಿಸಿದರೆ ನೋಟ ನೆಲದ ಕಡೆಗೆ ಇಳಿಯುತ್ತದೆ.

ದಿನಗಳ ಲೆಕ್ಕ. ತೊಂಬತ್ತು ನಿಮಿಷದ ಚಿತ್ರಕ್ಕೆ ತೊಂಬತ್ತು ಪುಟ ಎಂದುಕೊಳ್ಳಿ. ದಿನಕ್ಕೆ ಏಳು ಪುಟದ ಹಾಗೆ ಹದಿಮೂರು ದಿನ, ಒಂದು ದಿನ ಕೈಯಲ್ಲಿ ಉಳಿಸಿ ಹದಿನಾಲ್ಕು. ಹದಿನೈದು ಜನ ಹದಿನಾಲ್ಕು ದಿನ ಮೂರು ಹೊತ್ತು ಉಂಡರೆ 630 ಊಟ. ಇದನ್ನು ಬಜೆಟ್ಟಿನಲ್ಲಿ ಬರೆಯದೆ ಹೋದವರ ಸಿನಿಮಾ ಒಂಬತ್ತನೇ ದಿನ ನಿಲ್ಲುತ್ತದೆ. ರಾತ್ರಿಯ ದೃಶ್ಯವನ್ನೆಲ್ಲ ರಾತ್ರಿಯೇ ತೆಗೆಯಬೇಕಾಗಿಲ್ಲ. ಕೋಣೆಯ ಒಳಗಿನದ್ದಾದರೆ ಕಿಟಕಿಗೆ ಹೊರಗಿನಿಂದ ಎರಡು ಪದರ ಕಪ್ಪು ಬಟ್ಟೆ ಹೊಡೆದು ಹಗಲೇ ಮುಗಿಸಿ. ನಿಜವಾದ ರಾತ್ರಿ ಬೇಕಾದ ಶಾಟ್‌ಗಳನ್ನು ನಾಲ್ಕು ರಾತ್ರಿಗೆ ಒಟ್ಟು ಮಾಡಿ, ಕೆಲಸ ಮುಗಿದಲ್ಲಿಂದ ಮರುದಿನದ ಕರೆಯವರೆಗೆ ಹತ್ತು ಗಂಟೆ ನಿದ್ದೆಗೆ ಬಿಡಿ. ನಿದ್ದೆಗೆಟ್ಟವರು ಏಣಿಯಿಂದ ಬೀಳುತ್ತಾರೆ.

ಥಿಯೇಟರಿಗೆ ಹೋಗುವುದಾದರೆ ಸೆನ್ಸಾರ್ ಪತ್ರ ಬೇಕು. 2023ರ ತಿದ್ದುಪಡಿಯ ನಂತರ ಯು/ಎ ಎನ್ನುವುದು 7+, 13+, 16+ ಎಂದು ಮೂರಾಗಿದೆ; ಎಷ್ಟು ರಕ್ತ ತೋರಿಸುತ್ತೀರಿ ಎಂಬುದನ್ನು ಬರೆಯುವಾಗಲೇ ನಿರ್ಧರಿಸಿ. ಕಪ್ಪು ಬೆಕ್ಕು, ನಾಯಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಪಡೆಯಬೇಕು. ಬೆಕ್ಕಿನ ನೆರಳು, ಬೆಕ್ಕಿನ ಕೂಗು ಸಾಕಾಗುವ ಕತೆಗೆ ಬೆಕ್ಕು ಯಾಕೆ?

ಕೊನೆಯ ದಿನ ಸುಸ್ತಿನಲ್ಲಿ ಎಲ್ಲರೂ ಹೊರಡುವ ಅವಸರದಲ್ಲಿರುತ್ತಾರೆ. ಇಬ್ಬರನ್ನು ಉಳಿಸಿಕೊಳ್ಳಿ. ಮೀಟರ್ ಓದಿ, ಗೀಸರಿನ ಟೇಪ್ ಬಿಚ್ಚಿ, ಹಾಸಿಗೆಗಳನ್ನು ಆಯಾ ಕೋಣೆಗೆ ಸೇರಿಸಿ. ಫಲಕಗಳನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ ನಿಧಾನಕ್ಕೆ ಎಬ್ಬಿಸಿ, ಪೈಂಟ್ ಕಿತ್ತು ಬರಬಾರದು. ಆಮೇಲೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದು ಎಂಟು ಬಾಗಿಲಿನ ನಂಬ್ರವನ್ನೂ ಕೀಲಿಕೈಯ ಬಿಲ್ಲೆಯನ್ನೂ ಹೋಲಿಸಿ ನೋಡಿ ಒಪ್ಪಿಸಿ.